*ಹೃದಯದ ಮಾತು – 31: ಮಗಳು "ಟೆಕ್ನಿಷಿಯನ್ ಆಗ್ತೀನಿ" ಅಂದರೆ ಬೇಸರ ಬೇಡ*



ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್ ಬಗ್ಗೆ ಈ ಗುಂಪಿನಲ್ಲಿ ಸಾಕಷ್ಟು ಬರೆದಿದ್ದೇನೆ. ಇವತ್ತಿನ ವಿಷಯ ಸ್ವಲ್ಪ ಬೇರೆ. 12ನೇ ತರಗತಿ ವಿಜ್ಞಾನ ಮುಗಿಸಿದ ಮಕ್ಕಳು ಮನೆಯಲ್ಲಿದ್ದರೆ ದಯವಿಟ್ಟು ಪೂರ್ತಿ ಓದಿ. ಮಕ್ಕಳು ದೊಡ್ಡವರಾಗಿದ್ದರೂ ಓದಿ. ಮುಂದಿನ ಸಲ ಇಸಿಜಿಗೋ ರಕ್ತ ಪರೀಕ್ಷೆಗೋ ಹೋದಾಗ ಉಪಯೋಗಕ್ಕೆ ಬರುತ್ತದೆ.

ಕಳೆದ ವರ್ಷ ಮುಂಬೈನ ನನ್ನ ಓಪಿಡಿಗೆ ಒಂದು ಕುಟುಂಬ ಬಂದಿತ್ತು. ಮೂಲತಃ ವಿಜಯಪುರದ ಕಡೆಯವರು, ಡೊಂಬಿವಲಿಯಲ್ಲಿ ನೆಲೆಸಿ ಇಪ್ಪತ್ತು ವರ್ಷವಾಗಿದೆ. ಯಜಮಾನರಿಗೆ ಹಾರ್ಟ್ ಅಟ್ಯಾಕ್ ಆಗಿ ನಾನೇ ಸ್ಟೆಂಟ್ ಹಾಕಿದ್ದೆ, ಅವತ್ತು ಆರು ತಿಂಗಳ ಚೆಕಪ್. ಅವರನ್ನು ನೋಡಿ ಮುಗಿಸಿದ ಮೇಲೆ ಅವರ ಹೆಂಡತಿ ಕುರ್ಚಿ ಬಿಟ್ಟು ಏಳಲಿಲ್ಲ.

"ಡಾಕ್ಟ್ರ, ನೀವಾದ್ರೂ ಈಕಿಗೆ ನಾಕ್ ಮಾತು ಹೇಳ್ರಿ. ಎರಡು ಸಲ ನೀಟ್ ಬರದಾಳ, ಸೀಟ್ ಸಿಗಲಿಲ್ಲ. ಇನ್ನೊಮ್ಮೆ ಬರಿ ಅಂದ್ರ ಒಲ್ಲೆ ಅಂತಾಳ. ಡಾಕ್ಟರ್ ಆಗಬೇಕಾದಾಕಿ, ಈಗ ವಾಯರ್ ಹಚ್ಚೋ ಕೆಲಸ ಕಲಿತೀನಿ ಅಂತ ಕುಂತಾಳ."

ಮಗಳು ತಲೆ ತಗ್ಗಿಸಿದ್ದಳು. ಯಾಕಮ್ಮಾ ಎಂದು ಕೇಳಿದೆ. ಮೆಲ್ಲಗೆ ಹೇಳಿದಳು: "ಸರ್, ಅವತ್ತು ರಾತ್ರಿ ಅಪ್ಪಾಜಿ ಹತ್ರ ಮೊದಲು ಬಂದವರು ಅವರೇರಿ."

ನಾನು ಅವರ ಹಳೆಯ ಫೈಲ್ ತೆಗೆಯಲು ಹೇಳಿದೆ.

*ಫೈಲಿನಲ್ಲಿದ್ದ ಎರಡು ಪಟ್ಟಿಗಳು*

ಅಂದು ರಾತ್ರಿ ಅವರು ಮೊದಲು ಹೋಗಿದ್ದು ಮನೆ ಹತ್ತಿರದ ಒಂದು ನರ್ಸಿಂಗ್ ಹೋಮ್‌ಗೆ. ಅಲ್ಲಿ ತೆಗೆದ ಎರಡು ಇಸಿಜಿ ಫೈಲಿನಲ್ಲಿದ್ದವು. ಮೊದಲನೆಯದರ ಮೇಲೆ ಸಮಯ 1:52. ಅದು ಬಹುತೇಕ ನಾರ್ಮಲ್. ಎರಡನೆಯದರ ಮೇಲೆ 2:11. ಅದರಲ್ಲಿ ಹಾರ್ಟ್ ಅಟ್ಯಾಕ್ ಎದ್ದು ಕಾಣುತ್ತಿತ್ತು. ಎರಡನೆಯ ಪಟ್ಟಿಯ ತುದಿಯಲ್ಲಿ ಪೆನ್ನಿನಿಂದ ಬರೆದ ಮೂರು ಪದಗಳು: "ಪೇನ್ ಇದೆ, ರಿಪೀಟ್". ಮರಾಠಿ ಹುಡುಗನೊಬ್ಬ ದೇವನಾಗರಿಯಲ್ಲಿ ಬರೆದದ್ದನ್ನು ನಾನು ನಿಮಗೆ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಹಾರ್ಟ್ ಅಟ್ಯಾಕ್ ಶುರುವಾದ ಕೂಡಲೇ ಎಲ್ಲರ ಇಸಿಜಿಯೂ ಬದಲಾಗುವುದಿಲ್ಲ. ಮೊದಲ ಇಸಿಜಿ ಚೆನ್ನಾಗಿದ್ದು, ಎದೆನೋವು ಹಾಗೇ ಇದ್ದರೆ, 15ರಿಂದ 30 ನಿಮಿಷದೊಳಗೆ ಮತ್ತೆ ತೆಗೆಯಬೇಕು. ಅದು ನಿಯಮ. ಆ ಟೆಕ್ನಿಷಿಯನ್ ನಿಯಮ ಮರೆಯಲಿಲ್ಲ. ಮೊದಲ ಪಟ್ಟಿ ನಾರ್ಮಲ್ ಬಂತೆಂದು ವಾಯರ್ ಬಿಚ್ಚಿ ಹೋಗಿ ಮಲಗಲಿಲ್ಲ. ರೋಗಿಯ ಮುಖ ನೋಡಿದ, ನೋವು ಹೋಗಿಲ್ಲವೆಂದು ತಿಳಿದ, ಮತ್ತೆ ತೆಗೆದ, ಡ್ಯೂಟಿ ಡಾಕ್ಟರಿಗೆ ತೋರಿಸಿದ. ಅವರು ತಕ್ಷಣ ಆಂಬುಲೆನ್ಸ್ ಮಾಡಿ ನಮ್ಮಲ್ಲಿಗೆ ಕಳಿಸಿದರು. ನಾನು ನೋಡುವಾಗ ಬಲಗಡೆಯ ರಕ್ತನಾಳ ಪೂರ್ತಿ ಮುಚ್ಚಿತ್ತು.

ಆ ತಾಯಿಗೆ ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟು ತೋರಿಸಿದೆ. "ನಾನು ಸ್ಟೆಂಟ್ ಹಾಕಿದೆ, ನಿಜ. ಆದರೆ ಇವರನ್ನು ನನ್ನ ಟೇಬಲ್ ಮೇಲೆ ತಂದು ಮಲಗಿಸಿದ್ದು ಈ ಎರಡನೆಯ ಪಟ್ಟಿ. ನಿಮ್ಮ ಮಗಳು ಕಲಿಯುತ್ತೇನೆ ಎನ್ನುತ್ತಿರುವುದು ಇದೇ ಕೆಲಸ" ಎಂದೆ. ಅವರು ಬಹಳ ಹೊತ್ತು ಆ ಕಾಗದವನ್ನೇ ನೋಡಿದರು.

(ನಿಮಗೊಂದು ಕಿವಿಮಾತು: ಇಸಿಜಿ ಕಾಗದ ಶಾಖಕ್ಕೆ ಕಪ್ಪಾಗುವ ಕಾಗದ, ದಿನ ಕಳೆದಂತೆ ಅಕ್ಷರ, ಗೆರೆ ಎಲ್ಲ ಮಾಸುತ್ತದೆ. ಇವತ್ತೇ ಜೆರಾಕ್ಸ್ ಮಾಡಿಸಿ, ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.)

*ನನಗೆ ಪಾಠ ಕಲಿಸಿದವರೂ ಟೆಕ್ನಿಷಿಯನ್ನೇ*

ನಾನು ಎಂ.ಡಿ. ಓದುತ್ತಿದ್ದಾಗಿನ ಮಾತು. ರಾತ್ರಿ ಪಾಳಿಯಲ್ಲಿ ಅವಸರದಲ್ಲಿ ಒಬ್ಬ ರೋಗಿಗೆ ನಾನೇ ಇಸಿಜಿ ತೆಗೆದೆ. ಪಟ್ಟಿ ನೋಡಿ ಗಾಬರಿಯಾಯಿತು. ಒಂದನೇ ಲೀಡ್‌ನಲ್ಲಿ ಎಲ್ಲವೂ ತಲೆಕೆಳಗು. "ಹೃದಯ ಬಲಗಡೆ ಇರಬಹುದೇ?" ಎಂದು ದೊಡ್ಡವರಿಗೆ ಫೋನ್ ಮಾಡಲು ಹೊರಟೆ. ಅಲ್ಲಿದ್ದ ಹಿರಿಯ ಟೆಕ್ನಿಷಿಯನ್ ನಕ್ಕು ಹೇಳಿದರು: "ಸರ್, ಹೃದಯ ಸರಿಯಾದ ಜಾಗದಲ್ಲೇ ಇದೆ. ನಿಮ್ಮ ಕ್ಲಿಪ್ ತಪ್ಪು ಜಾಗದಲ್ಲಿದೆ." ಬಲಗೈಗೆ ಕೆಂಪು, ಎಡಗೈಗೆ ಹಳದಿ ಹಾಕಬೇಕಿತ್ತು, ನಾನು ಅದಲುಬದಲು ಮಾಡಿದ್ದೆ.

ಇಸಿಜಿ ಎಂದರೆ ವಾಯರ್ ಹಚ್ಚುವುದಷ್ಟೇ ಅಲ್ಲ. ದೇಹಕ್ಕೆ 10 ಕಡೆ ತಂತಿ ಹಚ್ಚಿ ಹೃದಯವನ್ನು 12 ದಿಕ್ಕಿನಿಂದ ನೋಡುವ ಪರೀಕ್ಷೆ ಅದು. ಎದೆಯ ಮೇಲಿನ ಮೊದಲ ತಂತಿ ಎದೆಮೂಳೆಯ ಬಲಬದಿಯಲ್ಲಿ ನಾಲ್ಕನೇ ಪಕ್ಕೆಲುಬಿನ ಸಂದಿನಲ್ಲೇ ಇರಬೇಕು. ಒಂದೆರಡು ಸಂದು ಮೇಲೆ ಹಚ್ಚಿದರೆ, ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತೇನೋ ಎನ್ನುವಂತೆ ಪಟ್ಟಿ ಬರಬಹುದು. ಏನೂ ಆಗದ ಮನುಷ್ಯ "ನನಗೆ ಹಾರ್ಟ್ ಪ್ರಾಬ್ಲಂ" ಎಂದು ವರ್ಷಗಟ್ಟಲೆ ಹೆದರಿ ಬದುಕುತ್ತಾನೆ.

ರಕ್ತ ಪರೀಕ್ಷೆಯೂ ಹೀಗೆಯೇ. ರಕ್ತದಲ್ಲಿ ಪೊಟ್ಯಾಸಿಯಂ ಸುಮಾರು 3.5ರಿಂದ 5ರ ಒಳಗಿರಬೇಕು. 6.5 ಎಂದು ರಿಪೋರ್ಟ್ ಬಂದರೆ ಹೃದಯ ನಿಲ್ಲಬಹುದೆಂದು ನಾವು ಓಡಿ ಹೋಗಿ ಚಿಕಿತ್ಸೆ ಶುರು ಮಾಡುತ್ತೇವೆ. ಆದರೆ ರಕ್ತ ಎಳೆಯುವಾಗ ಜೋರು ಮಾಡಿ ಕೆಂಪು ಕಣಗಳು ಒಡೆದಿದ್ದರೂ ಅದೇ 6.5 ಬರುತ್ತದೆ! ಒಳಗಿನ ಪೊಟ್ಯಾಸಿಯಂ ಹೊರಗೆ ಚೆಲ್ಲಿರುತ್ತದೆ ಅಷ್ಟೆ. ಒಳ್ಳೆಯ ಲ್ಯಾಬ್ ಟೆಕ್ನಿಷಿಯನ್ ಟ್ಯೂಬನ್ನು ನೋಡುತ್ತಾರೆ. ತಿಳಿಹಳದಿ ಇರಬೇಕಾದ ಸೀರಂ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ರಿಪೋರ್ಟ್ ಬಿಡದೆ "ಇನ್ನೊಂದು ಸ್ಯಾಂಪಲ್ ಕಳಿಸಿ" ಎನ್ನುತ್ತಾರೆ. ಆ ಒಂದು ಮಾತು ಬೇಡದ ಔಷಧಿಯಿಂದ ರೋಗಿಯನ್ನು ಉಳಿಸುತ್ತದೆ.

ಇಸಿಜಿ ಯಂತ್ರವನ್ನು ರೂಪಿಸಿದ ಹಾಲೆಂಡಿನ ವಿಜ್ಞಾನಿ ಐಂಥೋವನ್ ಅವರಿಗೆ 1924ರಲ್ಲಿ ನೊಬೆಲ್ ಬಂತು. ಅವರ ಲ್ಯಾಬ್ ಸಹಾಯಕ ಅಷ್ಟರಲ್ಲಿ ತೀರಿಕೊಂಡಿದ್ದರು. ಐಂಥೋವನ್ ಆ ಸಹಾಯಕನ ಅಕ್ಕತಂಗಿಯರನ್ನು ಹುಡುಕಿಸಿ ಬಹುಮಾನದ ಹಣದಲ್ಲಿ ಅರ್ಧ ಕೊಟ್ಟರೆಂದು ಹೃದ್ರೋಗ ಶಾಸ್ತ್ರದ ಇತಿಹಾಸ ಬರೆದವರು ಹೇಳುತ್ತಾರೆ. ಈ ಕೆಲಸದ ಬೆಲೆ ಅವರಿಗೆ ಗೊತ್ತಿತ್ತು.

*ಯಾವ ಯಾವ ಕೆಲಸಗಳಿವೆ?*

▪️ ಕಾರ್ಡಿಯಾಕ್ ಟೆಕ್ನಿಷಿಯನ್: ಇಸಿಜಿ, ಟ್ರೆಡ್‌ಮಿಲ್, ಹೋಲ್ಟರ್ ಪರೀಕ್ಷೆ. ಕೆಲವು ಆಸ್ಪತ್ರೆಗಳಲ್ಲಿ ಎಕೋ ಸಹ.
▪️ ಕ್ಯಾಥ್ ಲ್ಯಾಬ್ ಟೆಕ್ನಿಷಿಯನ್: ಆಂಜಿಯೋಗ್ರಾಂ, ಆಂಜಿಯೋಪ್ಲಾಸ್ಟಿ ಮಾಡುವಾಗ ನಮ್ಮ ಜೊತೆ ಇರುವವರು. ಹೃದಯದ ಬಡಿತ, ಒತ್ತಡದ ಮೇಲೆ ಕಣ್ಣಿಟ್ಟಿರುತ್ತಾರೆ.
▪️ ಪರ್ಫ್ಯೂಷನಿಸ್ಟ್: ಬೈಪಾಸ್ ಆಪರೇಷನ್‌ನಲ್ಲಿ ಹೃದಯ ನಿಲ್ಲಿಸಿದಾಗ ಹಾರ್ಟ್-ಲಂಗ್ ಮೆಷಿನ್ ನಡೆಸುವವರು.
▪️ ಮೆಡಿಕಲ್ ಲ್ಯಾಬ್ ಟೆಕ್ನಿಷಿಯನ್: ರಕ್ತ, ಮೂತ್ರ, ಕಫದ ಪರೀಕ್ಷೆ, ರಕ್ತನಿಧಿಯ ಕೆಲಸ.
▪️ ರೇಡಿಯಾಗ್ರಫಿ: ಎಕ್ಸ್-ರೇ, ಸಿಟಿ, ಎಂಆರ್‌ಐ.
▪️ ಡಯಾಲಿಸಿಸ್ ಮತ್ತು ಆಪರೇಷನ್ ಥಿಯೇಟರ್ ಟೆಕ್ನಿಷಿಯನ್.

12ನೇ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರಿಗೆ ಮುಖ್ಯವಾಗಿ ಎರಡು ದಾರಿ. ಡಿಪ್ಲೊಮಾ ಬೇಗ ಮುಗಿಯುತ್ತದೆ, ಖರ್ಚು ಕಡಿಮೆ. ಬಿ.ಎಸ್ಸಿ.ಗೆ ಇಂಟರ್ನ್‌ಶಿಪ್ ಸೇರಿ ಸುಮಾರು ನಾಲ್ಕು ವರ್ಷ. ಮುಂದೆ ಎಂ.ಎಸ್ಸಿ. ಮಾಡಬಹುದು, ಕಲಿಸುವ ಕೆಲಸಕ್ಕೂ ಹೋಗಬಹುದು. ಮನೆಯಲ್ಲಿ ನಾಲ್ಕು ವರ್ಷ ನಿಭಾಯಿಸುವ ಅನುಕೂಲವಿದ್ದರೆ ಬಿ.ಎಸ್ಸಿ. ಮಾಡಿಸಿ ಎನ್ನುವುದು ನನ್ನ ಸಲಹೆ.

*ನೀವಿರುವ ಊರಿನಲ್ಲಿ ಎಲ್ಲಿ ವಿಚಾರಿಸಬೇಕು?*

▪️ ಮುಂಬೈ, ಪುಣೆ: ನಾಸಿಕದ ಮಹಾರಾಷ್ಟ್ರ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯ.
▪️ ಚೆನ್ನೈ: ತಮಿಳುನಾಡು ಡಾ. ಎಂ.ಜಿ.ಆರ್. ವೈದ್ಯಕೀಯ ವಿಶ್ವವಿದ್ಯಾಲಯ. ವೆಲ್ಲೂರಿನ ಸಿ.ಎಂ.ಸಿ. ಕೂಡ ಇಂಥ ಕೋರ್ಸ್‌ಗಳಿಗೆ ಹೆಸರಾದದ್ದು.
▪️ ಹೈದರಾಬಾದ್: ತೆಲಂಗಾಣ ಪ್ಯಾರಾಮೆಡಿಕಲ್ ಬೋರ್ಡ್ (ಡಿಪ್ಲೊಮಾಗಳಿಗೆ).
▪️ ದೆಹಲಿ: ಏಮ್ಸ್. ಚಂಡೀಗಢದ ಪಿಜಿಐ ಸಹ ನೋಡಿ.
▪️ ಊರಿಗೆ ಕಳಿಸುವ ಮನಸ್ಸಿದ್ದರೆ: ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಜಯದೇವ ಹೃದ್ರೋಗ ಸಂಸ್ಥೆಯಂಥ ಕಡೆ ಕಲಿತರೆ ಕೈಗೆ ಕೆಲಸ ಚೆನ್ನಾಗಿ ಹತ್ತುತ್ತದೆ.

ನಮ್ಮಂಥ ಹೊರನಾಡಿನವರು ಎಡವುವುದು ಡೊಮಿಸೈಲ್ ವಿಷಯದಲ್ಲಿ. ಮಗು ಹುಟ್ಟಿ ಬೆಳೆದದ್ದು ಪುಣೆಯಲ್ಲಿ, ರೇಷನ್ ಕಾರ್ಡ್ ಊರಿನಲ್ಲಿ, ಜಾತಿ ಪ್ರಮಾಣಪತ್ರ ಇನ್ನೂ ಮಾಡಿಸಿಲ್ಲ! ಯಾವ ರಾಜ್ಯದ ಕೋಟಾದಲ್ಲಿ ಅರ್ಜಿ ಹಾಕಬೇಕು ಎನ್ನುವುದನ್ನು 12ನೇ ತರಗತಿ ಶುರುವಾಗುವಾಗಲೇ ನಿರ್ಧರಿಸಿ, ಕಾಗದಪತ್ರ ಸಿದ್ಧ ಮಾಡಿಕೊಳ್ಳಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಹೊರನಾಡು ಮತ್ತು ಗಡಿನಾಡು ಕನ್ನಡಿಗ ಅಭ್ಯರ್ಥಿಗಳಿಗಾಗಿ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಆ ವರ್ಷದ ಪ್ರಕಟಣೆ ಓದಿ, ನಿಮ್ಮ ಮಗು ಬಯಸುವ ಕೋರ್ಸ್‌ಗೆ ಅದು ಅನ್ವಯಿಸುತ್ತದೆಯೇ ನೋಡಿ. ಮಕ್ಕಳಿಗೆ ಕನ್ನಡ ಓದಿ ಬರೆಯಲು ಕಲಿಸಿದ್ದರೆ ಇಲ್ಲಿ ಅದರ ಲಾಭ ಸಿಗುತ್ತದೆ.

*ಫೀಸು ಕಟ್ಟುವ ಮೊದಲು*

ಒಬ್ಬ ಹುಡುಗ ಕೆಲಸ ಕೇಳಿಕೊಂಡು ನನ್ನ ಬಳಿ ಬಂದಿದ್ದ. ಕೈಯಲ್ಲಿ ಬಣ್ಣಬಣ್ಣದ ಸರ್ಟಿಫಿಕೇಟ್. ಅಪ್ಪ ಕ್ಯಾಂಟೀನಿನಲ್ಲಿ ದುಡಿದ ಹಣ, ಮೇಲೆ ಸಾಲ. ಎರಡು ವರ್ಷ ಎರಡು ಕೋಣೆಯ ಒಂದು ಸಂಸ್ಥೆಯಲ್ಲಿ ಕಲಿತಿದ್ದ. ಅಷ್ಟೂ ದಿನದಲ್ಲಿ ಒಬ್ಬ ರೋಗಿಗೂ ಇಸಿಜಿ ತೆಗೆದಿರಲಿಲ್ಲ. ಆ ಸರ್ಟಿಫಿಕೇಟಿಗೆ ಯಾವ ವಿಶ್ವವಿದ್ಯಾಲಯದ, ಯಾವ ಬೋರ್ಡಿನ ಮಾನ್ಯತೆಯೂ ಇರಲಿಲ್ಲ. ನಮ್ಮ ಎಚ್‌.ಆರ್‌. ವಿಭಾಗ ತೆಗೆದುಕೊಳ್ಳಲಿಲ್ಲ. ಅವನದೇನೂ ತಪ್ಪಿರಲಿಲ್ಲ, ಹುಡುಗ ಚುರುಕಾಗಿದ್ದ. ಇವತ್ತಿಗೂ ಅವನ ಮುಖ ನೆನಪಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1️⃣ ಸಂಸ್ಥೆಯವರು ಕೊಡುವ ಪುಸ್ತಿಕೆ ನಂಬಬೇಡಿ. ವಿಶ್ವವಿದ್ಯಾಲಯದ ಅಥವಾ ಬೋರ್ಡಿನ ಸ್ವಂತ ಪಟ್ಟಿಯಲ್ಲಿ ಆ ಕಾಲೇಜಿನ ಹೆಸರು, ಆ ಕೋರ್ಸಿನ ಹೆಸರು ಎರಡೂ ಇವೆಯೇ ನೋಡಿ. ಕಾಲೇಜಿಗೆ ಮಾನ್ಯತೆ ಇದ್ದು ಆ ಕೋರ್ಸಿಗೆ ಇಲ್ಲದಿರಬಹುದು.

2️⃣ ಈ ವೃತ್ತಿಗಳಿಗಾಗಿ ಸಂಸತ್ತು 2021ರಲ್ಲಿ ಒಂದು ಕಾನೂನು ಮಾಡಿದೆ: ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗ ಕಾಯ್ದೆ. ಅದರಂತೆ ರಾಷ್ಟ್ರ ಮಟ್ಟದಲ್ಲಿ ಆಯೋಗ, ರಾಜ್ಯಗಳಲ್ಲಿ ಕೌನ್ಸಿಲ್. "ಈ ಕೋರ್ಸ್ ಮುಗಿಸಿದರೆ ನಮ್ಮ ರಾಜ್ಯದ ಕೌನ್ಸಿಲ್‌ನಲ್ಲಿ ನೋಂದಣಿ ಆಗುತ್ತದೆಯೇ?" ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

3️⃣ ಮನೆಯಲ್ಲೇ ಕುಳಿತು ಆನ್‌ಲೈನ್, ಅಂಚೆ ಮೂಲಕ ಕಲಿಸುತ್ತೇವೆ ಎಂದರೆ ಅಲ್ಲಿಂದ ಎದ್ದು ಬನ್ನಿ. ಈ ಕಾಯ್ದೆಯಡಿ ಬರುವ ಕೋರ್ಸ್‌ಗಳನ್ನು ದೂರಶಿಕ್ಷಣ ಮತ್ತು ಆನ್‌ಲೈನ್‌ನಲ್ಲಿ ನಡೆಸಬಾರದೆಂದು ಯುಜಿಸಿ 2025ರಲ್ಲಿ ಹೇಳಿದೆ. ಸೂಜಿ ಹಿಡಿಯುವುದನ್ನು ಮೊಬೈಲ್‌ನಲ್ಲಿ ಕಲಿಯಲು ಆಗುವುದಿಲ್ಲ.

4️⃣ ಜೊತೆಗಿರುವ ಆಸ್ಪತ್ರೆ ಯಾವುದು? ಒಂದು ದಿನ ಹೋಗಿ ನೋಡಿ. ಕ್ಯಾಥ್ ಲ್ಯಾಬ್ ಕೋರ್ಸ್ ನಡೆಸುವವರ ಆಸ್ಪತ್ರೆಯಲ್ಲಿ ಕ್ಯಾಥ್ ಲ್ಯಾಬ್ ಇದೆಯೇ, ದಿನಕ್ಕೆ ಎಷ್ಟು ಕೇಸ್ ಆಗುತ್ತವೆ ಕೇಳಿ.

5️⃣ ಈಗ ಮೂರನೇ ವರ್ಷದಲ್ಲಿ ಓದುತ್ತಿರುವ ಇಬ್ಬರು ಮಕ್ಕಳ ಜೊತೆ ಕ್ಯಾಂಟೀನಿನಲ್ಲಿ ಚಹಾ ಕುಡಿಯಿರಿ. ಅಸಲಿ ಸಂಗತಿ ಅವರಿಂದ ತಿಳಿಯುತ್ತದೆ.

6️⃣ "ನೂರಕ್ಕೆ ನೂರು ನೌಕರಿ ಗ್ಯಾರಂಟಿ" ಎಂದವರನ್ನು ಅನುಮಾನಿಸಿ. ಮೂಲ ಅಂಕಪಟ್ಟಿಗಳನ್ನು ರಸೀದಿ ಇಲ್ಲದೆ ಯಾರ ಕೈಗೂ ಕೊಡಬೇಡಿ.

*ಸಂಬಳ, ನೌಕರಿ*

ನೇರವಾಗಿ ಹೇಳುತ್ತೇನೆ. ಖಾಸಗಿ ಆಸ್ಪತ್ರೆಗಳಲ್ಲಿ ಆರಂಭದ ಸಂಬಳ ಕಡಿಮೆ. ಮುಂಬೈ, ದೆಹಲಿಯಲ್ಲಿ ಬಾಡಿಗೆ ಕಟ್ಟಿ ಉಳಿಸುವುದು ಮೊದಲ ಎರಡು ಮೂರು ವರ್ಷ ಕಷ್ಟ. ಅನುಭವ ಬಂದಂತೆ, ಕ್ಯಾಥ್ ಲ್ಯಾಬ್, ಪರ್ಫ್ಯೂಷನ್‌ನಂಥ ಕಡೆ ಪರಿಸ್ಥಿತಿ ಸುಧಾರಿಸುತ್ತದೆ. ಸರ್ಕಾರಿ ಅವಕಾಶಗಳೂ ಇವೆ. ರೈಲ್ವೆಯ ಪ್ಯಾರಾಮೆಡಿಕಲ್ ನೇಮಕಾತಿಯಲ್ಲಿ ಇಸಿಜಿ, ಕ್ಯಾಥ್ ಲ್ಯಾಬ್, ಡಯಾಲಿಸಿಸ್ ಟೆಕ್ನಿಷಿಯನ್ ಹುದ್ದೆಗಳು ಬಂದಿವೆ. ಇಎಸ್‌ಐ, ಏಮ್ಸ್, ರಾಜ್ಯ ಸರ್ಕಾರಗಳ ಪ್ರಕಟಣೆಗಳನ್ನೂ ಗಮನಿಸುತ್ತಿರಿ.

*ಈ ಕೆಲಸ ಮಾಡುವವರ ಆರೋಗ್ಯ*

ವೈದ್ಯನಾಗಿ ಇದನ್ನು ಹೇಳದೆ ಬಿಡಲಾರೆ. ಮಕ್ಕಳನ್ನು ಕಳಿಸುವ ಮೊದಲು ನಿಮಗೆ ಗೊತ್ತಿರಲಿ.

▪️ *ಸೂಜಿ ಚುಚ್ಚುವ ಅಪಾಯ:* ಕೋರ್ಸ್ ಸೇರುವಾಗಲೇ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ: ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಬಳಸಿದ ಸೂಜಿ ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆದು ತಕ್ಷಣ ತಿಳಿಸಬೇಕು. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎಷ್ಟು ಬೇಗವೋ ಅಷ್ಟು ಒಳ್ಳೆಯದು, 72 ಗಂಟೆ ಮೀರಬಾರದು. ಬೈಯುತ್ತಾರೆಂದು ಮುಚ್ಚಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

▪️ *ವಿಕಿರಣ:* ಕ್ಯಾಥ್ ಲ್ಯಾಬ್, ಎಕ್ಸ್-ರೇ ವಿಭಾಗದಲ್ಲಿ ಸೀಸದ ಏಪ್ರನ್, ಕುತ್ತಿಗೆಗೆ ಥೈರಾಯ್ಡ್ ಕಾಲರ್ ಕಡ್ಡಾಯ. ಎದೆಯ ಮೇಲೆ ಟಿಎಲ್‌ಡಿ ಬ್ಯಾಡ್ಜ್ ಇರಬೇಕು, ಎಷ್ಟು ವಿಕಿರಣ ತಗುಲಿತೆಂದು ಅದು ಲೆಕ್ಕ ಇಡುತ್ತದೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷ 30 ಮೀರುವಂತಿಲ್ಲ. ಎಚ್ಚರಿಕೆಯಿಂದ ದುಡಿದರೆ ಅದಕ್ಕಿಂತ ಬಹಳ ಕೆಳಗೇ ಇರಬಹುದು. "ಹೆಣ್ಣುಮಕ್ಕಳಿಗೆ ಆಗದ ಕೆಲಸ" ಎನ್ನುವ ಮಾತು ತಪ್ಪು. ಗರ್ಭಿಣಿಯಾದಾಗ ಮುಖ್ಯಸ್ಥರಿಗೆ ತಿಳಿಸಿದರೆ ಕೆಲಸದ ಜಾಗ ಬದಲಿಸಿಕೊಡುವ ವ್ಯವಸ್ಥೆ ಇರುತ್ತದೆ.

▪️ *ರಾತ್ರಿ ಪಾಳಿ, ನಿಂತು ಮಾಡುವ ಕೆಲಸ:* ಪಾಳಿ ಮುಗಿಸಿ ಬಂದ ಮಗುವನ್ನು ಹಗಲು ಮಲಗಲು ಬಿಡಿ. "ಹಗಲೆಲ್ಲ ಮಲಗ್ತಾನೆ" ಎನ್ನಬೇಡಿ. ರಾತ್ರಿಗೆ ವಡಾಪಾವ್, ಸಮೋಸ ಬದಲು ಮನೆಯಿಂದ ಚಪಾತಿ ಪಲ್ಯವೋ ಮೊಸರನ್ನವೋ ಡಬ್ಬಿಗೆ ಹಾಕಿ ಕಳಿಸಿ.

*ಮನೆಯ ಹಿರಿಯರಿಗೆ*

ಪರೀಕ್ಷೆಯಲ್ಲಿ ಸೀಟ್ ಸಿಗದ ಮಗು ಮೊದಲೇ ಕುಗ್ಗಿರುತ್ತದೆ. ಊರಿಂದ ಫೋನ್ ಬಂದಾಗ ಅದರ ಎದುರೇ "ಏನ್ ಮಾಡೋದು, ಇದಕ್ಕೆ ಅಷ್ಟೇ ಸಿಕ್ಕಿತು" ಎನ್ನಬೇಡಿ. ನಿದ್ದೆ ಊಟ ಬಿಟ್ಟು, ಯಾರೊಡನೆಯೂ ಮಾತಾಡದೆ ಕೂರುತ್ತಿದ್ದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಹಾಗೆಂದು ನೀಟ್ ಆಗದವರೆಲ್ಲ ಇಲ್ಲಿಗೆ ಬರಲಿ ಎಂದು ನಾನು ಹೇಳುತ್ತಿಲ್ಲ. ರಕ್ತ ಕಂಡರೆ ತಲೆ ಸುತ್ತುವವರಿಗೆ, ಒಂದೇ ಕೆಲಸವನ್ನು ನೂರನೇ ಸಲವೂ ಅಷ್ಟೇ ಜಾಗ್ರತೆಯಿಂದ ಮಾಡುವ ತಾಳ್ಮೆ ಇಲ್ಲದವರಿಗೆ ಇದು ಹೊಂದುವುದಿಲ್ಲ. ತಪ್ಪಾದಾಗ "ನನ್ನದೇ ತಪ್ಪು, ಮತ್ತೆ ತೆಗೆಯುತ್ತೇನೆ" ಎಂದು ಒಪ್ಪಿಕೊಳ್ಳುವ ಗುಣ ಇರಲೇಬೇಕು. ಆ ಗುಣವಿರುವ ಮಗು ಇಷ್ಟಪಟ್ಟು ಕೇಳುತ್ತಿದ್ದರೆ ತಡೆಯಬೇಡಿ.

*ರೋಗಿಯಾಗಿ ನೀವು ಮಾಡಬೇಕಾದದ್ದು*

✅ ಇಸಿಜಿ ತೆಗೆಯುವಾಗ ಮಾತಾಡದೆ, ಮೈ ಸಡಿಲ ಬಿಟ್ಟು ಮಲಗಿ. ಹಳೆಯ ಇಸಿಜಿ ಜೊತೆಗಿರಲಿ.
✅ ಎದೆನೋವು ಹೋಗಿಲ್ಲವೆಂದರೆ ಹೇಳಿ. "ಇಸಿಜಿ ನಾರ್ಮಲ್" ಎಂದು ಸುಮ್ಮನಾಗಬೇಡಿ, ಮತ್ತೆ ತೆಗೆಯಲು ಕೇಳಿ.
✅ ರಕ್ತ ಕೊಡುವಾಗ ಮುಷ್ಟಿಯನ್ನು ಮತ್ತೆ ಮತ್ತೆ ಬಿಗಿದು ಬಿಡಬೇಡಿ, ಅದರಿಂದಲೂ ಪೊಟ್ಯಾಸಿಯಂ ಸುಳ್ಳು ಸುಳ್ಳೇ ಏರುತ್ತದೆ.
✅ ಟ್ಯೂಬಿನ ಮೇಲೆ ನಿಮ್ಮ ಹೆಸರೇ ಇದೆಯೇ ನೋಡಿ.
✅ ಕೆಲಸ ಮುಗಿದ ಮೇಲೆ ಅವರಿಗೊಂದು ಧನ್ಯವಾದ ಹೇಳಿ.

ಡೊಂಬಿವಲಿಯ ಆ ಹುಡುಗಿ ಈಗ ಬಿ.ಎಸ್ಸಿ. ಮೊದಲ ವರ್ಷ. ಕಳೆದ ತಿಂಗಳು ಅಪ್ಪನ ಜೊತೆ ಬಂದಿದ್ದಳು. ಹೊಸ ಇಸಿಜಿ ಕೈಗೆ ಬಂದಾಗ ಮೊದಲು ಹೆಸರು ನೋಡಿದಳು, ಆಮೇಲೆ ದಿನಾಂಕ, ಸಮಯ, ಆಮೇಲೆ ಪಟ್ಟಿ. ಅವಳ ತಾಯಿ ಈಗಲೂ ಪೂರ್ತಿ ಸಮಾಧಾನವಾಗಿಲ್ಲ. "ಡಾಕ್ಟರ್ ಆಗಿದ್ರ ಚೊಲೋ ಇತ್ತು ಬಿಡ್ರಿ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರ ನಮ್ಮ ಓಣ್ಯಾಗ ಯಾರಿಗರ ಎದಿ ನೋವು ಬಂದ್ರ ಈಕಿನ್ನ ಕರೀತಾರ್ರಿ" ಎಂದೂ ಸೇರಿಸಿದರು.

ಲೇಖನ ಉಪಯೋಗವೆನಿಸಿದರೆ 12ನೇ ತರಗತಿ ಮಕ್ಕಳಿರುವ ನಿಮ್ಮ ಬಂಧುಬಳಗಕ್ಕೆ, ಕನ್ನಡ ಸಂಘದ ಗುಂಪುಗಳಿಗೆ ಕಳುಹಿಸಿ. ಪ್ರವೇಶದ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಆಯಾ ವರ್ಷದ ಪ್ರಕಟಣೆ ನೋಡಿಯೇ ಮುಂದುವರಿಯಿರಿ.

ಮುಂದಿನ ವಾರ: ಸ್ಟೆಂಟ್ ಹಾಕಿದ ಮೇಲೆ ಮಾತ್ರೆ ಯಾವಾಗ ನಿಲ್ಲಿಸಬಹುದು?

ಆರೋಗ್ಯವಾಗಿರಿ 🙏
– ನಿಮ್ಮ ಹೃದ್ರೋಗ ತಜ್ಞ, ಎಂ.ಡಿ., ಮುಂಬೈ